ಕೈನಡುಕದ ಮಾತ್ರೆ, ಮನೆಯೊಳಗಿನ ಸಂಶಯ

ಪಾರ್ಕಿನ್ಸನ್ ಕಾಯಿಲೆಯ ಬಗ್ಗೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಕೈ ನಡುಗುವುದು ನಿಲ್ಲುತ್ತದೆಯೇ, ಮಕ್ಕಳಿಗೂ ಬರುತ್ತದೆಯೇ, ಮಾತ್ರೆ ಎಷ್ಟು ವರ್ಷ ನುಂಗಬೇಕು, ತಲೆಯೊಳಗೆ ತಂತಿ ಕೂಡಿಸುವ ಆಪರೇಷನ್ನಿಗೆ ಎಷ್ಟು ಖರ್ಚು. ಇವೆಲ್ಲ ಡಾಕ್ಟರ ಎದುರಿಗೇ ಬರುವ ಪ್ರಶ್ನೆಗಳು. ಇನ್ನೊಂದು ಪ್ರಶ್ನೆ ಬರುವುದು ಕೋಣೆಯ ಹೊರಗೆ, ಗಂಡ ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ, ಹೆಂಡತಿ ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದುಳಿದಾಗ. "ಈಚೀಚೆಗೆ ನನ್ನ ಮ್ಯಾಲೆ ಸಂಶಯ ಪಡಾಕತ್ತಾರ್ರೀ. ಅರವತ್ತು ದಾಟೇತಿ ನನಗ. ಇದೂ ಅದೇ ಬ್ಯಾನಿದೇನ್ರೀ?"

ಹೌದು, ಬಹುಮಟ್ಟಿಗೆ ಅದೇ ಬೇನೆಯದು. ಇಲ್ಲವೇ ಬೇನೆಗೆ ಕೊಟ್ಟ ಮಾತ್ರೆಯದು. ಹೆಚ್ಚಿನ ಸಲ ಎರಡೂ ಕೂಡಿಯೇ ಇರುತ್ತವೆ. ಉತ್ತರವೇನೋ ಸಿದ್ಧವಾಗಿಯೇ ಇದೆ, ಪ್ರಶ್ನೆ ಮಾತ್ರ ಸರಿಯಾದ ಜಾಗಕ್ಕೆ ಹೋಗಿ ಮುಟ್ಟುವುದಿಲ್ಲ. ಮೂರು ತಿಂಗಳಿಗೊಮ್ಮೆ ತೋರಿಸಲು ಹೋದಾಗ ರೋಗಿ ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ. ಡಾಕ್ಟರು ಬೆರಳು ಬಡಿಯಲು ಹೇಳಿ ನೋಡುತ್ತಾರೆ, ಮಣಿಕಟ್ಟು ತಿರುಗಿಸಿ ಬಿಗಿ ಎಷ್ಟಿದೆ ನೋಡುತ್ತಾರೆ, ಎದ್ದು ಬಾಗಿಲವರೆಗೆ ನಡೆದು ಬನ್ನಿ ಅನ್ನುತ್ತಾರೆ. "ಮನೆಯಲ್ಲಿ ಹೇಗಿದ್ದಾರೆ?" ಎಂದು ಕೇಳಿದರೆ ಹೆಂಡತಿ ನೆಲ ನೋಡುತ್ತಾಳೆ. ತನ್ನ ಶೀಲದ ಮೇಲೆ ಗಂಡ ಹೊರಿಸಿದ ಆರೋಪವನ್ನು ಗಂಡನ ಮುಂದೆಯೇ ಪರರಿಗೆ ಬಿಡಿಸಿ ಹೇಳುವುದು ಸಲೀಸಲ್ಲ. ನಡಿಗೆ ಸುಧಾರಿಸಿದೆ ಎಂದು ಫೈಲಿನಲ್ಲಿ ದಾಖಲಾಗುತ್ತದೆ, ಅದೇ ಮಾತ್ರೆ ಅದೇ ಪ್ರಮಾಣದಲ್ಲಿ ಮುಂದುವರಿಯುತ್ತದೆ.

ಇದೆಲ್ಲ ಶುರುವಾಗುವುದು ಹೇಗೆ ಎಂದು ನೋಡಲು ಒಂದು ಊರಿಗೆ ಹೋಗೋಣ. ಪುಣೆಯಿಂದ ದಿವೆ ಘಾಟ್ ಹತ್ತಿ ಹೋದರೆ ಕರ್ಹಾ ನದಿಯ ದಂಡೆಗೆ ಸಾಸವಡ. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇರುವ ಊರು, ಮರಾಠಿ ಲೇಖಕ ಆಚಾರ್ಯ ಅತ್ರೆಯವರ ಊರು, ಪುರಂದರ ತಾಲ್ಲೂಕಿನ ಅಂಜೂರ, ಸೀತಾಫಲಗಳ ಪೇಟೆ. ಅಲ್ಲಿಂದ ಸ್ವಲ್ಪ ಮುಂದೆ ಜೇಜುರಿ. ಅಲ್ಲಿಯ ಖಂಡೋಬನನ್ನು ಕನ್ನಡದ ಭಕ್ತರು ಮೈಲಾರನೆಂದೇ ನಂಬಿ ನಡೆದುಕೊಳ್ಳುತ್ತಾರೆ. ಇಂಥ ಊರಿನಲ್ಲಿ ಕನ್ನಡದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಜತ್ತದ ಕಡೆಯಿಂದ ಬಂದು ಜಿಲ್ಲಾ ಪರಿಷತ್ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು, ಊರಿಗೆ ಮರಳದೆ ಅಲ್ಲೇ ಮನೆ ಕಟ್ಟಿಕೊಂಡವರು. ಮಗ ಹಡಪಸರದಲ್ಲಿ ನೌಕರಿಗೆ. ಆರೇಳು ವರ್ಷದ ಹಿಂದೆ ಮಾಸ್ತರರ ಬಲಗೈ ನಡುಗತೊಡಗಿತು, ಅಕ್ಷರ ಸಣ್ಣದಾಗುತ್ತ ಬಂತು, ಪಾರ್ಕಿನ್ಸನ್ ಎಂದಾಯಿತು. ಮಾತ್ರೆ ಶುರುವಾಯಿತು. ಹೋದ ವರ್ಷ ಇನ್ನೊಂದು ಮಾತ್ರೆ ಸೇರಿತು. ನಡಿಗೆ ಚುರುಕಾಯಿತು, ಗುಂಡಿ ತಾವೇ ಹಾಕಿಕೊಳ್ಳತೊಡಗಿದರು. ಮನೆಗೆಲ್ಲ ಖುಷಿ.

ಆಮೇಲೆ ಒಂದು ಮಧ್ಯಾಹ್ನ ತೊಳೆಯಲು ಇಟ್ಟ ಪಾತ್ರೆಗಳ ನಡುವೆ ಚಹಾ ಕುಡಿದ ಎರಡು ಸ್ಟೀಲ್ ಲೋಟ ಕಂಡವು. ಒಂದು ಅವರದೇ. ಇನ್ನೊಂದು ಯಾರದು? ತಾನೇ ಕುಡಿದದ್ದು ಎಂದಳು ಹೆಂಡತಿ. ನೀನು ಈ ಹೊತ್ತಿಗೆ ಚಹಾ ಕುಡಿಯುವವಳಲ್ಲ ಎಂದರು ಅವರು. ಅಲ್ಲಿಂದ ಮುಂದೆ ಲೋಟ ಎಣಿಸುವುದು ಶುರು. ಕಾಯಿಪಲ್ಯ ತರಲು ಹೋದವಳು ಎಷ್ಟು ಹೊತ್ತಿಗೆ ಹೋದಳು, ಎಷ್ಟು ಹೊತ್ತಿಗೆ ಬಂದಳು ಎಂದು ಹಳೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿಡುವುದು. ವಾರಕ್ಕೆರಡು ಸಲ ಮನೆಗೆ ಬಂದು ಕೈಕಾಲು ಆಡಿಸುವ ಫಿಸಿಯೋಥೆರಪಿ ಹುಡುಗನ ಮೇಲೆ ಕಣ್ಣು. ಅವನಿಗೆ ಅವರ ಮಗನಿಗಿಂತ ಕಡಿಮೆ ವಯಸ್ಸು. ಕೊನೆಗೆ ನಡುರಾತ್ರಿ ಮಗನಿಗೆ ಫೋನು: "ನಿಮ್ಮವ್ವನ್ನ ಕರಕೊಂಡು ಹೋಗು."

ಮನೆ ಕಲ್ಪನೆಯದಾದರೂ ನಡವಳಿಕೆ ಕಲ್ಪನೆಯದಲ್ಲ. ಇಟಲಿಯಿಂದ ಜಪಾನಿನವರೆಗೆ ನರರೋಗ ತಜ್ಞರು ಇಂಥ ರೋಗಿಗಳನ್ನು ದಾಖಲಿಸಿದ್ದಾರೆ. ಇಟಲಿಯ ಪೊಲೆಟ್ಟಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 805 ಪಾರ್ಕಿನ್ಸನ್ ರೋಗಿಗಳನ್ನು ಸಾಲಾಗಿ ವಿಚಾರಿಸಿದರು. ಸಂಗಾತಿಯ ಮೇಲಿನ ದೃಢವಾದ ಸಂಶಯ ಕಂಡದ್ದು 20 ಮಂದಿಯಲ್ಲಿ, ಅಂದರೆ ನೂರಕ್ಕೆ ಎರಡೂವರೆಯಷ್ಟು. ಜಪಾನಿನ ಕತಾವೊಕಾ ಮತ್ತು ಸುಗಿಯೆ 2018ರಲ್ಲಿ ಅಲ್ಲಿಯವರೆಗೆ ವರದಿಯಾದ 67 ರೋಗಿಗಳ ವಿವರಗಳನ್ನು ಒಂದೆಡೆ ಕಲೆಹಾಕಿದರು. ಸಂಖ್ಯೆ ಸಣ್ಣದು ಎಂದು ನೆಮ್ಮದಿ ಪಡುವವರು ಒಂದನ್ನು ಗಮನಿಸಬೇಕು. ಇವು ಕೇಳಿದಾಗ ಹೇಳಿದವರ ಲೆಕ್ಕ. ಚಪ್ಪಲಿ ಹುಡುಕುತ್ತ ಹಿಂದುಳಿದವರು ಇದರಲ್ಲಿ ಸೇರಿಲ್ಲ.

ವೈದ್ಯರು ಇದನ್ನು ಒಥೆಲೊ ಸಿಂಡ್ರೋಮ್ ಅನ್ನುತ್ತಾರೆ. ಜಾನ್ ಟಾಡ್ ಮತ್ತು ಕೆನೆತ್ ಡ್ಯೂಹರ್ಸ್ಟ್ 1955ರಲ್ಲಿ ಇಟ್ಟ ಹೆಸರು. ಷೇಕ್ಸ್‌ಪಿಯರನ 'ಒಥೆಲೊ' ನಾಟಕ ಸಾಸವಡದವರಿಗೂ ಮೈಸೂರಿನವರಿಗೂ ಹೊಸದೇನಲ್ಲ. ಗೋವಿಂದ ಬಲ್ಲಾಳ ದೇವಲ ಅದನ್ನು 1890ರಲ್ಲಿ 'ಝುಂಝಾರರಾವ್' ಎಂದು ಮರಾಠಿ ರಂಗಭೂಮಿಗೆ ತಂದರು. ಮೈಸೂರಿನ ಬಸವಪ್ಪ ಶಾಸ್ತ್ರಿಗಳು 'ಶೂರಸೇನ ಚರಿತ್ರೆ' ಎಂದು ಕನ್ನಡಕ್ಕೆ ತಂದರು. ಎರಡರಲ್ಲೂ ನಾಯಕನ ಕಿವಿ ಕಚ್ಚುವ ಒಬ್ಬ ಕೇಡಿಗನಿದ್ದಾನೆ. ರೋಗಿಯ ಮನೆಯಲ್ಲಿ ಅಂಥವನು ಯಾರೂ ಇರುವುದಿಲ್ಲ. ಆದರೂ ನೆಂಟರಿಷ್ಟರು ಅವನನ್ನೇ ಹುಡುಕುತ್ತಾರೆ. ಯಾರೋ ತಲೆ ಕೆಡಿಸಿದ್ದಾರೆ, ನೆರೆಮನೆಯವರು ಏನೋ ಹೇಳಿಕೊಟ್ಟಿದ್ದಾರೆ, ಅದೂ ಅಲ್ಲದಿದ್ದರೆ ಭಾನಾಮತಿ. ಭಾನಾಮತಿ ಎಂಬ ನಂಬಿಕೆಗೆ ರಾಜ್ಯದ ಗಡಿಯೇ ಇಲ್ಲ, ಕಲಬುರ್ಗಿಯಲ್ಲೂ ಇದೆ, ಪುಣೆಯ ಹಳ್ಳಿಗಳಲ್ಲೂ ಇದೆ. ನಿಂಬೆಹಣ್ಣು ಮಂತ್ರಿಸಿಕೊಂಡು ಬರುವುದರಲ್ಲಿ ಆರು ತಿಂಗಳು ಕಳೆದುಹೋಗುತ್ತದೆ.

ಹಾಗಾದರೆ ಮಾತ್ರೆಗೂ ಸಂಶಯಕ್ಕೂ ಏನು ಸಂಬಂಧ? ಇದಕ್ಕೆ ಉತ್ತರ ಹುಡುಕಲು ಹೊರಟರೆ ಮೊದಲು ಸಿಗುವುದು ನಮ್ಮದೇ ಕಾಡಿನ ಒಂದು ಬೇರು. ಸರ್ಪಗಂಧ ನಮ್ಮಲ್ಲಿ ಬುದ್ಧಿಭ್ರಮಣೆಗೆ ಬಹಳ ಕಾಲದಿಂದ ಬಳಕೆಯಲ್ಲಿದ್ದ ಮದ್ದು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅದು ಹುಚ್ಚಿಗೂ ರಕ್ತದೊತ್ತಡಕ್ಕೂ ಕೆಲಸ ಮಾಡುತ್ತದೆ ಎಂದು ಬರೆದರು. ಮುಂದೆ ಅದರಿಂದ ರೆಸರ್ಪಿನ್ ಎಂಬ ರಾಸಾಯನಿಕ ಬೇರ್ಪಟ್ಟಿತು. ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್ ಐವತ್ತರ ದಶಕದಲ್ಲಿ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಜೋತುಬಿಟ್ಟು ಅಲುಗಾಡದೆ ಕೂತುಬಿಟ್ಟವು. ಎಲ್-ಡೋಪ ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡಿದವು. ಮಿದುಳಿನಲ್ಲಿ ಡೋಪಮಿನ್ ಎಂಬ ವಸ್ತು ಬತ್ತಿದರೆ ಚಲನೆ ನಿಲ್ಲುತ್ತದೆ, ಅದನ್ನು ತುಂಬಿದರೆ ಚಲನೆ ಮರಳುತ್ತದೆ ಎಂಬುದು ಹೀಗೆ ತಿಳಿಯಿತು. ಈ ಸಂಶೋಧನೆಗೆ ಕಾರ್ಲ್ಸನ್ನರಿಗೆ 2000ದಲ್ಲಿ ನೊಬೆಲ್ ಬಂತು. ಪಾರ್ಕಿನ್ಸನ್ ರೋಗಿಗಳು ಇಂದಿಗೂ ನುಂಗುವ ಲೆವೊಡೋಪ, ಅಂದರೆ ಇದೇ ಎಲ್-ಡೋಪ, ಈ ದಾರಿಯಲ್ಲೇ ಬಂದದ್ದು.

ಡೋಪಮಿನ್ ತಗ್ಗಿಸುವ ಮದ್ದು ಭ್ರಮೆಯನ್ನು ತಣಿಸುತ್ತದೆ, ಮೈಯನ್ನು ಬಿಗಿಯುತ್ತದೆ. ಡೋಪಮಿನ್ ಏರಿಸುವ ಮದ್ದು ಮೈಯನ್ನು ಬಿಡಿಸುತ್ತದೆ, ಕೆಲವರಲ್ಲಿ ಭ್ರಮೆಯನ್ನು ಎಬ್ಬಿಸುತ್ತದೆ. ಪಾರ್ಕಿನ್ಸನ್ ಚಿಕಿತ್ಸೆಯ ಪೇಚಾಟವೆಲ್ಲ ಇಷ್ಟರಲ್ಲಿದೆ.

ಇನ್ನೂ ಒಂದು ತೊಡಕಿದೆ. ಕಾಯಿಲೆ ಮಿದುಳಿನ ಎಲ್ಲ ಭಾಗದ ಡೋಪಮಿನ್ನನ್ನೂ ಒಂದೇ ಸಮ ತಿನ್ನುವುದಿಲ್ಲ. ಕೈಕಾಲು ಆಡಿಸುವ ಭಾಗ ಮೊದಲು ಬರಿದಾಗುತ್ತದೆ. ಆಸೆ, ಆಸಕ್ತಿ, ನಂಬಿಕೆಗಳ ಕಡೆಯ ಭಾಗದಲ್ಲಿ ಡೋಪಮಿನ್ ಇನ್ನೂ ಸಾಕಷ್ಟು ಉಳಿದಿರುತ್ತದೆ. ಕಾಲುವೆಯ ಕೊನೆಯ ಹೊಲ ಒಣಗಿದೆಯೆಂದು ನೀರು ಜಾಸ್ತಿ ಬಿಟ್ಟರೆ ತಲೆಯ ಹೊಲದಲ್ಲಿ ಬೆಳೆ ಕೊಳೆಯುತ್ತದೆ. ಬರಗಾಲ ಕಂಡ ಪುರಂದರದ ರೈತರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಬೆರಳಿಗೆ ಬೇಕಾದಷ್ಟು ಕೊಟ್ಟ ಮದ್ದು ಮನಸ್ಸಿಗೆ ಹೆಚ್ಚಾಗುತ್ತದೆ.

ಲೆವೊಡೋಪಕ್ಕಿಂತ ಈ ವಿಷಯದಲ್ಲಿ ಹೆಚ್ಚು ಅಪಖ್ಯಾತಿ ಪಡೆದವು ಡೋಪಮಿನ್ ಅಗೋನಿಸ್ಟ್ ಎಂಬ ಗುಂಪಿನ ಮಾತ್ರೆಗಳು. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಹೆಸರುಗಳು ರೋಗಿಗಳ ಮನೆಯಲ್ಲಿ ಪರಿಚಿತ. ಡೋಪಮಿನ್‌ನ ವೇಷ ಹಾಕಿ ಅದರ ಜಾಗದಲ್ಲಿ ಕೂತು ಕೆಲಸ ಮಾಡುವ ಮದ್ದುಗಳಿವು. ಇವು ಹೆಚ್ಚು ಒಲಿಯುವ ಡಿ-3 ಎಂಬ ಗ್ರಾಹಕಗಳು ಆಸೆ, ಭಾವನೆಗಳಿಗೆ ಸಂಬಂಧಿಸಿದ ಭಾಗದಲ್ಲೇ ದಟ್ಟವಾಗಿರುತ್ತವೆ. ಇಟಲಿಯ ಅಧ್ಯಯನದಲ್ಲೂ ಸಂಶಯಕ್ಕೂ ಅಗೋನಿಸ್ಟ್ ಸೇವನೆಗೂ ಗಟ್ಟಿ ನಂಟು ಕಂಡಿತು. ಐವತ್ತರ ಆಸುಪಾಸಿನಲ್ಲೇ ಕಾಯಿಲೆ ಬಂದವರಿಗೆ ಈ ಮಾತ್ರೆಗಳನ್ನು ಹೆಚ್ಚಾಗಿ ಬರೆಯುತ್ತಾರೆ. ಲೆವೊಡೋಪವನ್ನು ಬಹಳ ವರ್ಷ ನುಂಗಿದರೆ ಕೈಕಾಲು ತಾವಾಗಿ ಬಳುಕುವ ತೊಂದರೆ ಬರುತ್ತದೆ, ಅದನ್ನು ಮುಂದೂಡಬೇಕು ಎಂಬುದು ಕಾರಣ. ಕಾರಣ ಸರಿಯಾದದ್ದೇ. ಹೀಗಾಗಿ ಸಂಶಯದ ಭ್ರಮೆ ತಲೆಯೆತ್ತುವುದು ಎಷ್ಟೋ ಸಲ ಮರೆವು ಬಂದ ಮುದುಕರಲ್ಲಲ್ಲ, ಬುದ್ಧಿ ಚುರುಕಾಗಿಯೇ ಇರುವ, ಬ್ಯಾಂಕಿನ ವ್ಯವಹಾರ ತಾವೇ ನೋಡಿಕೊಳ್ಳುವ ಮಧ್ಯವಯಸ್ಕರಲ್ಲಿ. ಅವರ ಮಾತು ತರ್ಕಬದ್ಧವಾಗಿರುತ್ತದೆ. ಅದನ್ನು ಕೇಳಿದ ಮಗ ಸಹ ಒಂದು ಕ್ಷಣ ತಾಯಿಯ ಕಡೆ ನೋಡುತ್ತಾನೆ.

ಡೋಪಮಿನ್ ಅಂದರೆ ಸುಖ ಎಂದು ಮೊಬೈಲಿನ ರೀಲ್ಸುಗಳು ಹೇಳಿಕೊಟ್ಟಿವೆ. ಅರ್ಧಸತ್ಯ. 'ಇದು ಮುಖ್ಯ, ಇದನ್ನು ಗಮನಿಸು' ಎಂದು ಒಂದು ವಸ್ತುವಿನ ಮೇಲೆ ಗುರುತು ಹಾಕುವುದೂ ಅದರ ಕೆಲಸ. ಕೆನಡಾದಲ್ಲಿದ್ದ ಮನೋವೈದ್ಯ ಶಿತಿಜ್ ಕಪೂರ್ 2003ರಲ್ಲಿ ಇದನ್ನೇ ಹಿಡಿದು ಭ್ರಮೆಗಳಿಗೆ ಒಂದು ವಿವರಣೆ ಕೊಟ್ಟರು. ಡೋಪಮಿನ್ ಅತಿಯಾದಾಗ ಮಾಮೂಲಿ ಸಂಗತಿಗಳ ಮೇಲೂ ಆ ಗುರುತು ಬೀಳುತ್ತದೆ, ಎಲ್ಲವೂ ತನಗೆ ಏನನ್ನೋ ಹೇಳುತ್ತಿದೆ ಅನ್ನಿಸುತ್ತದೆ, ಆ ಕಸಿವಿಸಿಗೆ ಮನಸ್ಸು ಕಟ್ಟಿಕೊಳ್ಳುವ ಕಾರಣವೇ ಭ್ರಮೆ. ನಲವತ್ತು ವರ್ಷ ಕಣ್ಣಿಗೇ ಬೀಳದ ಲೋಟ ಇದ್ದಕ್ಕಿದ್ದಂತೆ ಸಾಕ್ಷಿಯಾಗುವುದು ಹೀಗೆ.

ಆದರೆ ಸಂಶಯವೇ ಯಾಕೆ, ಬೇರೆ ಭ್ರಮೆ ಯಾಕಲ್ಲ? ಬೇರೆಯವೂ ಬರುತ್ತವೆ. ಹಣ ಕದಿಯುತ್ತಾರೆ, ಊಟದಲ್ಲಿ ಏನೋ ಬೆರೆಸುತ್ತಾರೆ ಎಂಬವು ಅವುಗಳಲ್ಲಿ ಕೆಲವು. ಆದರೆ ಪಾರ್ಕಿನ್ಸನ್ ಬಂದ ಮನೆ ಸಂಶಯಕ್ಕೆ ಹದಮಾಡಿದ ನೆಲ. ನಿನ್ನೆಯವರೆಗೆ ಮನೆ ನಡೆಸಿದವನು ಇವತ್ತು ಅಂಗಿ ತೊಡಲೂ ಹೆಂಡತಿಯನ್ನು ಕಾಯಬೇಕು. ಅವಳೀಗ ಬ್ಯಾಂಕಿಗೆ ಹೋಗುತ್ತಾಳೆ, ಕರೆಂಟ್ ಬಿಲ್ ಕಟ್ಟುತ್ತಾಳೆ, ಔಷಧದಂಗಡಿಯವನ ಹತ್ತಿರ ನಿಂತು ಮಾತಾಡುತ್ತಾಳೆ. ಹಾಸಿಗೆಯ ಸಂಗತಿ ಇನ್ನೂ ಸೂಕ್ಷ್ಮ. ಕಾಯಿಲೆ ಶಕ್ತಿಯನ್ನು ಕುಂದಿಸುತ್ತದೆ, ಅಗೋನಿಸ್ಟ್ ಮಾತ್ರೆ ಕೆಲವರಲ್ಲಿ ಆಸೆಯನ್ನು ಕೆರಳಿಸುತ್ತದೆ. ದಿನವಿಡೀ ದುಡಿದ ಹೆಂಡತಿ ಬೆನ್ನು ತಿರುಗಿಸಿ ಮಲಗಿದರೆ ಅದಕ್ಕೆ ಬೇರೆಯೇ ಅರ್ಥ ಹುಟ್ಟುತ್ತದೆ. ಎದುರಿನವರ ಮುಖಭಾವ ಓದುವ ಶಕ್ತಿಯೂ ಅನೇಕ ರೋಗಿಗಳಲ್ಲಿ ಮಂಕಾಗುತ್ತದೆ, ಆಯಾಸ ತಿರಸ್ಕಾರದಂತೆ ಕಾಣುತ್ತದೆ. ಹೆಂಗಸರಿಗೆ ಕಾಯಿಲೆ ಬಂದಾಗ ಗಂಡನ ಮೇಲೆ ಇಂಥದೇ ಸಂಶಯ ಮೂಡಿದ ವರದಿಗಳೂ ಇವೆ. ಆಗ ಮನೆಗೆಲಸಕ್ಕೆ ಬರುವವಳು ಕೆಲಸ ಬಿಡಬೇಕಾಗುತ್ತದೆ.

ಇದಕ್ಕೆ ಕಣ್ಣಿನ ಮೋಸವೂ ಸೇರಿಕೊಳ್ಳುತ್ತದೆ. ಪಾರ್ಕಿನ್ಸನ್ ರೋಗಿಗಳಲ್ಲಿ ಹಲವರಿಗೆ ಪಕ್ಕದಲ್ಲಿ ಯಾರೋ ಹಾದುಹೋದಂತೆ, ಬೆನ್ನ ಹಿಂದೆ ಯಾರೋ ನಿಂತಂತೆ ಅನ್ನಿಸುತ್ತದೆ. ಮುಸ್ಸಂಜೆಯ ಮಬ್ಬಿನಲ್ಲಿ ಗೂಟಕ್ಕೆ ತೂಗುಹಾಕಿದ ಅಂಗಿ ಮನುಷ್ಯನಾಗುತ್ತದೆ. ರಾತ್ರಿ ಕನಸಿನಲ್ಲಿ ಹೊಡೆದಾಡಿ ಕೂಗುವುದು, ಕೈಕಾಲು ಬೀಸುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಎಷ್ಟೋ ಜನರಲ್ಲಿ ಕೈನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ಶುರುವಾಗಿರುತ್ತದೆ. ಕನಸು ಮುಗಿದದ್ದೆಲ್ಲಿ, ಎಚ್ಚರ ಶುರುವಾದದ್ದೆಲ್ಲಿ ಎಂಬ ಗೆರೆ ಅಳಿಸಿದಾಗ, "ನಿನ್ನೆ ರಾತ್ರಿ ಈ ಮನೆಯೊಳಗೆ ಒಬ್ಬ ಬಂದಿದ್ದ, ನಾನೇ ಕಣ್ಣಾರೆ ನೋಡಿದೆ" ಅನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರು ನೋಡಿದ್ದಾರೆ.

ಹಾಲಿವುಡ್‌ನ ನಟ ರಾಬಿನ್ ವಿಲಿಯಮ್ಸ್ 2014ರಲ್ಲಿ ಜೀವ ಕಳೆದುಕೊಂಡ ಮೇಲೆ ಶವಪರೀಕ್ಷೆಯಲ್ಲಿ ತಿಳಿದದ್ದು, ಅವರ ಮಿದುಳಿನಲ್ಲಿ ಲೆವಿ ಬಾಡಿ ಎಂಬ ಪಾರ್ಕಿನ್ಸನ್ನಿನ ಹತ್ತಿರದ ಕಾಯಿಲೆ ತೀವ್ರವಾಗಿ ಹರಡಿತ್ತೆಂದು. ಬದುಕಿದ್ದಾಗ ಸಿಕ್ಕ ಹೆಸರು ಪಾರ್ಕಿನ್ಸನ್ ಎಂದಷ್ಟೇ. ಅವರ ಪತ್ನಿ ಸೂಸನ್ ಶ್ನೈಡರ್ ವಿಲಿಯಮ್ಸ್ 2016ರಲ್ಲಿ ನರವೈದ್ಯರೇ ಓದುವ 'ನ್ಯೂರಾಲಜಿ' ಪತ್ರಿಕೆಯಲ್ಲಿ ಲೇಖನ ಬರೆದು, ಎಷ್ಟು ಸಮಾಧಾನ ಹೇಳಿದರೂ ಕರಗದ ಭಯ, ಭ್ರಮೆಗಳ ಜೊತೆ ಕಳೆದ ತಿಂಗಳುಗಳನ್ನು ದಾಖಲಿಸಿದರು. ಅಲ್ಲಿಯದು ದಾಂಪತ್ಯದ ಸಂಶಯದ ಕಥೆಯಲ್ಲ. ಆದರೆ ಹೆಸರಾಂತ ವೈದ್ಯರು ಕೈಗೆಟುಕುವಷ್ಟು ಹತ್ತಿರ ಇದ್ದವರ ಮನೆಯಲ್ಲೂ ಕಾಯಿಲೆಯ ಈ ಮುಖ ಗುರುತಿಗೆ ಸಿಗಲಿಲ್ಲ.

ನಮ್ಮಲ್ಲಿ ಗುರುತಿಗೆ ಸಿಗದಿರುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಕಥೆಗಳಲ್ಲಿ ಪರೀಕ್ಷೆ ಯಾವಾಗಲೂ ಸಂಶಯಕ್ಕೆ ಗುರಿಯಾದವಳಿಗೆ. ಸೀತೆ ಬೆಂಕಿಗಿಳಿಯುತ್ತಾಳೆ, ರೇಣುಕೆಯ ತಲೆ ಉರುಳುತ್ತದೆ. ಜಮದಗ್ನಿಗೆ ಏನಾಗಿತ್ತು ಎಂದು ಯಾರೂ ಕೇಳುವುದಿಲ್ಲ. ಸವದತ್ತಿ ಎಲ್ಲಮ್ಮನಿಗೆ ಎರಡೂ ರಾಜ್ಯದವರು ಉಧೋ ಅನ್ನುತ್ತಾರೆ, ಮನೆಯಲ್ಲಿ ಮಾತ್ರ ಹೆಂಗಸೇ ಸಾಕ್ಷಿ ಒದಗಿಸಬೇಕು ಎಂದು ಕೂಡುತ್ತಾರೆ. ಆದ್ದರಿಂದ ಹೆಂಡತಿ ಮಾಡುವ ಮೊದಲ ಕೆಲಸ ತಾನು ನಿರ್ದೋಷಿ ಎಂದು ತೋರಿಸುವುದು. ಫೋನು ಕೈಗೆ ಕೊಡುತ್ತಾಳೆ, ಹೊರಗೆ ಹೋಗುವುದನ್ನು ಬಿಡುತ್ತಾಳೆ, ಕುಲದೇವರ ಮೇಲೆ ಆಣೆ ಇಡುತ್ತಾಳೆ. ಯಾವುದೂ ನಾಟುವುದಿಲ್ಲ. ಭ್ರಮೆ ಸಾಕ್ಷಿಯ ಮೇಲೆ ನಿಂತದ್ದಲ್ಲ, ಸಾಕ್ಷಿಯಿಂದ ಬೀಳುವುದೂ ಇಲ್ಲ. ಫೋನಿನಲ್ಲಿ ಏನೂ ಸಿಗದಿದ್ದರೆ ಅಳಿಸಿ ಹಾಕಿದ್ದಾಳೆ ಎಂದಾಗುತ್ತದೆ. ಜಗಳ ಮುಗಿದರೆ ಸಾಕೆಂದು "ಹೌದು, ತಪ್ಪಾಯ್ತು" ಅಂದುಬಿಡುವವರೂ ಇದ್ದಾರೆ. ಇದಂತೂ ಅಪಾಯದ ದಾರಿ. ಆ ಒಂದು ಮಾತು ಮರುದಿನದಿಂದ ಒಪ್ಪಿಕೊಂಡ ಅಪರಾಧ.

ವಾದಿಸಬಾರದು, ಒಪ್ಪಲೂಬಾರದು ಎಂದರೆ ಆಡುವುದೇನನ್ನು? ಅವರ ಸಂಕಟಕ್ಕೆ ಉತ್ತರ ಕೊಡಬಹುದು, ಆರೋಪಕ್ಕಲ್ಲ. "ನಿಮಗ ಹಂಗ ಅನಸಾಕತ್ತೇತಿ, ಅದರಿಂದ ಜೀವಕ್ಕ ತ್ರಾಸ ಆಗಾಕತ್ತೇತಿ, ಗೊತ್ತಾಗತೈತಿ ನನಗ. ನಾನು ಇಲ್ಲೇ ಅದೀನಿ" ಎಂದು ಹೇಳಿ, ಸಂಜೆಯಾಗಿದ್ದರೆ ದೀಪ ಹಾಕಿ, ಮಾತನ್ನು ಬೇರೆ ಕಡೆ ತಿರುಗಿಸಬಹುದು. ಇದು ಓದುವಾಗ ಸುಲಭ. ಮೂವತ್ತೈದು ವರ್ಷ ಸಂಸಾರ ಮಾಡಿದವಳಿಗೆ ಆ ಮಾತು ಕೇಳಿಸಿಕೊಂಡ ಗಳಿಗೆಯಲ್ಲಿ ಸುಲಭವಲ್ಲ. ಪ್ರತಿ ಸಲವೂ ಶಾಂತಳಾಗಿಯೇ ಇರಬೇಕು ಎಂದು ಅವಳಿಗೆ ಇನ್ನೊಂದು ಹೊರೆ ಹೊರಿಸುವುದು ಈ ಅಂಕಣದ ಉದ್ದೇಶವಲ್ಲ.

ಕೆಲಸ ಆಗಬೇಕಾದದ್ದು ಡಾಕ್ಟರ ಕೋಣೆಯಲ್ಲಿ. ಗಂಡನ ಮುಂದೆ ಹೇಳಲಾಗದಿದ್ದರೆ ಒಂದು ಚೀಟಿ ಸಾಕು, ಮೊದಲೇ ಕಂಪೌಂಡರ ಕೈಗೆ ಕೊಡಬಹುದು, ಮಗನ ಕೈಯಲ್ಲಿ ಫೋನು ಮಾಡಿಸಬಹುದು. ಚೀಟಿಯಲ್ಲಿ ಗೋಳು ಬೇಡ, ತಾರೀಕು ಬೇಕು. ಸಂಶಯ ಯಾವ ತಿಂಗಳು ಶುರುವಾಯಿತು, ಆಗ ಯಾವ ಮಾತ್ರೆ ಹೊಸದಾಗಿ ಸೇರಿತ್ತು ಅಥವಾ ಹೆಚ್ಚಾಗಿತ್ತು, ದಿನದ ಯಾವ ಹೊತ್ತಿಗೆ ಜಾಸ್ತಿ, ಇಲ್ಲದ್ದು ಕಾಣುತ್ತದೆಯೇ, ಕೈಯೆತ್ತಿದ್ದುಂಟೇ. ಒಳ್ಳೆಯ ನರವೈದ್ಯರು ಮೊದಲು ಮೂತ್ರದ ಸೋಂಕು, ನೀರಿನ ಕೊರತೆ, ಹೊಸ ನಿದ್ದೆ ಮಾತ್ರೆಯಂಥ ಕಾರಣ ಹುಡುಕುತ್ತಾರೆ. ವಯಸ್ಸಾದವರಲ್ಲಿ ಇಷ್ಟರಿಂದಲೇ ತಲೆ ಕೆಡುವುದುಂಟು. ಆಮೇಲೆ ಮಾತ್ರೆಗಳನ್ನು ಒಂದೊಂದಾಗಿ ಇಳಿಸುತ್ತ ಬರುತ್ತಾರೆ. ನಡುಕಕ್ಕೆಂದು ಕೊಟ್ಟ ಟ್ರೈಹೆಕ್ಸಿಫೆನಿಡಿಲ್, ಅಮಾಂಟಡಿನ್‌ಗಳು ಮೊದಲು, ಅಗೋನಿಸ್ಟ್ ಆನಂತರ, ಲೆವೊಡೋಪಕ್ಕೆ ಕೈ ಹಾಕುವುದು ಕಟ್ಟಕಡೆಗೆ. ಅಗೋನಿಸ್ಟ್ ಇಳಿಸಿದ ಮೇಲೆ ಸಂಶಯ ಕರಗಿದ ಉದಾಹರಣೆಗಳು ವರದಿಗಳಲ್ಲಿ ಸಾಕಷ್ಟಿವೆ.

ಇದನ್ನು ಓದಿ ಮನೆಯಲ್ಲೇ ಮಾತ್ರೆ ನಿಲ್ಲಿಸಲು ಹೋಗಬಾರದು. ಪಾರ್ಕಿನ್ಸನ್ ಔಷಧ ಒಮ್ಮೆಗೇ ನಿಂತರೆ ವಿಪರೀತ ಜ್ವರ, ಮೈಬಿಗಿತ ಬಂದು ಜೀವಕ್ಕೇ ಕುತ್ತಾಗಬಹುದು. ಅಗೋನಿಸ್ಟನ್ನು ಥಟ್ಟನೆ ಬಿಟ್ಟವರಲ್ಲಿ ಆತಂಕ, ಖಿನ್ನತೆ, ಚಟ ಬಿಟ್ಟವರಿಗೆ ಆಗುವಂಥ ಚಡಪಡಿಕೆ ಬಂದದ್ದುಂಟು. ಇದರ ವಿರುದ್ಧದ ತಪ್ಪೂ ಸಣ್ಣ ಊರುಗಳಲ್ಲಿ ಆಗುತ್ತದೆ. ರಾತ್ರಿ ಗಲಾಟೆ ತಡೆಯಲಾಗದೆ ಹತ್ತಿರದ ದವಾಖಾನೆಗೆ ಕರೆದೊಯ್ಯುತ್ತಾರೆ, ಹಳೆಯ ಫೈಲು ಮನೆಯಲ್ಲೇ ಉಳಿದಿರುತ್ತದೆ, ಅಲ್ಲಿ ಹ್ಯಾಲೋಪೆರಿಡಾಲ್ ಇಂಜೆಕ್ಷನ್ ಬೀಳುತ್ತದೆ. ಸರ್ಪಗಂಧ ಮೊಲಗಳಿಗೆ ಮಾಡಿದ್ದನ್ನೇ ಅದು ರೋಗಿಗೆ ಮಾಡುತ್ತದೆ, ನಡೆದುಕೊಂಡು ಬಂದವರು ಮಂಚ ಹಿಡಿಯುತ್ತಾರೆ. ರಿಸ್ಪೆರಿಡೋನ್, ಒಲಾಂಜಪಿನ್‌ಗಳೂ ಈ ಕಾಯಿಲೆಗೆ ಆಗಿಬರುವವಲ್ಲ. ಭ್ರಮೆಗೆ ಮದ್ದು ಬೇಕೇ ಬೇಕೆಂದಾಗ ಸಾಮಾನ್ಯವಾಗಿ ಕೊಡುವುದು ಕ್ವೆಟಿಯಾಪಿನ್, ಇಲ್ಲವೇ ಕ್ಲೋಜಪಿನ್. 1999ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ ಕ್ಲೋಜಪಿನ್ ಬಹಳ ಸಣ್ಣ ಪ್ರಮಾಣದಲ್ಲಿ, ನಡಿಗೆಯನ್ನು ಕೆಡಿಸದೆ ಭ್ರಮೆಯನ್ನು ಇಳಿಸಿತು. ಬಿಳಿ ರಕ್ತಕಣ ಕುಸಿಯುವ ಭಯವಿರುವುದರಿಂದ ಮೊದಲ ಕೆಲವು ತಿಂಗಳು ವಾರವಾರ ರಕ್ತ ಪರೀಕ್ಷೆ ಆಗಬೇಕು. ಘಾಟ್ ಇಳಿದು ಪುಣೆಗೆ ಹೋಗಬೇಕಾದವರಿಗೆ ಇದು ಸಣ್ಣ ತೊಂದರೆಯಲ್ಲ.

ಫೈಲಿನಲ್ಲಿ ಇಲ್ಲದ ಔಷಧದ ಮಾತೂ ಇಲ್ಲೇ ಬರಲಿ. ಕಂಪವಾತಕ್ಕೆ ಒಳ್ಳೆಯದೆಂದು ನಸುಗುನ್ನಿ ಬೀಜದ ಪುಡಿಯನ್ನು ಹಾಲಿಗೆ ಹಾಕಿಕೊಂಡು ಕುಡಿಯುವವರಿದ್ದಾರೆ. ಮರಾಠಿಯ ಖಾಜಕುಯಲಿ ಇದೇ. ಪುರುಷತ್ವಕ್ಕೆಂದು ಮಾರುವ ಪುಡಿಗಳಲ್ಲೂ ಇದು ಇರುತ್ತದೆ. ಇದು ಬರೀ ನಂಬಿಕೆಯಲ್ಲ. 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಈ ಬೀಜದಿಂದ ಎಲ್-ಡೋಪವನ್ನು ಬೇರ್ಪಡಿಸಿದ್ದರು. ಬೀಜದ ತೂಕದಲ್ಲಿ ನೂರಕ್ಕೆ ನಾಲ್ಕರಿಂದ ಆರು ಪಾಲು ಅದೇ ಇರುತ್ತದೆ. ಲೆವೊಡೋಪ ಮಾತ್ರೆಯಲ್ಲೇ ಬೆರೆತಿರುವ ಕಾರ್ಬಿಡೋಪ ಎಂಬ ವಸ್ತುವಿನ ಜೊತೆ ಸೇರಿದಾಗ ಅದರ ಬಲ ಇನ್ನೂ ಹೆಚ್ಚುತ್ತದೆ. ಡಾಕ್ಟರು ಮಾತ್ರೆ ಇಳಿಸುತ್ತಿದ್ದಾರೆ, ರೋಗಿ ಹಾಲಿನಲ್ಲಿ ಏರಿಸಿಕೊಳ್ಳುತ್ತಿದ್ದಾರೆ. ಗಿಡಮೂಲಿಕೆ ತಾನೇ ಎಂದು ಬಾಯಿ ಬಿಡುವುದಿಲ್ಲ.

ಮನೆಯ ಕ್ಷೇಮದ ವಿಷಯದಲ್ಲಿ ಸಂಕೋಚ ಬೇಡ. ರೋಗ ಎಂದು ಗೊತ್ತಾದ ಮಾತ್ರಕ್ಕೆ ಏಟು ನೋಯದೆ ಇರುವುದಿಲ್ಲ. ತೋಟದ ಮನೆಗಳಲ್ಲಿ ಕುಡುಗೋಲು, ಕೊಡಲಿ, ಕೀಟನಾಶಕದ ಡಬ್ಬಿ ಕೈಗೆಟುಕುವಲ್ಲೇ ಇರುತ್ತವೆ. ಅವನ್ನು ಸದ್ದಿಲ್ಲದೆ ಬೇರೆಡೆಗೆ ಸಾಗಿಸಬೇಕು. ರಾತ್ರಿ ಬಾಗಿಲು ಬಡಿದರೆ ತೆರೆಯುವ ನೆರೆಮನೆ ಒಂದಿರಬೇಕು, ಅವರಿಗೆ ಸಂಗತಿ ಗೊತ್ತಿರಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡುವವರು ಸಿಗುತ್ತಾರೆ. 2022ರ ಅಕ್ಟೋಬರಿನಲ್ಲಿ ಶುರುವಾದ ಇದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಪುಣೆಯಲ್ಲಿ ರೋಗಿಗಳೂ ಮನೆಯವರೂ ಸೇರಿ ನಡೆಸುವ ಪಾರ್ಕಿನ್ಸನ್ಸ್ ಮಿತ್ರಮಂಡಳ ಇದೆ. ಮುಂಬೈಯಲ್ಲಿ ಡಾ. ಬಿ. ಎಸ್. ಸಿಂಘಲ್ 2001ರಲ್ಲಿ ಆರಂಭಿಸಿದ ಪಾರ್ಕಿನ್ಸನ್ ಸೊಸೈಟಿ ಬೇರೆ ಬೇರೆ ಊರುಗಳಲ್ಲಿ ಸಭೆ ಸೇರಿಸುತ್ತದೆ. ಪುಣೆಯ ನರ್ತಕ ಹೃಷಿಕೇಶ ಪವಾರ ಪಾರ್ಕಿನ್ಸನ್ ರೋಗಿಗಳಿಗೆಂದೇ ನೃತ್ಯ ತರಗತಿ ನಡೆಸಿ ಹೆಸರಾದವರು. ಇಂಥಲ್ಲಿಗೆ ಹೋಗುವುದರಿಂದ ಭ್ರಮೆ ವಾಸಿಯಾಗುತ್ತದೆ ಎಂದಲ್ಲ. ತನ್ನ ಗಂಡ ಅಂದ ಮಾತನ್ನೇ ಇನ್ನೊಬ್ಬಳ ಗಂಡನೂ ಅಂದಿದ್ದಾನೆ ಎಂದು ಗೊತ್ತಾಗುವುದು ಅಲ್ಲೇ.

ಹೆಂಡತಿ ಧೈರ್ಯ ಮಾಡಿ ಹೇಳಲಿ ಎಂದು ಕಾಯುವುದಕ್ಕಿಂತ ಡಾಕ್ಟರೇ ಮೊದಲು ಕೇಳುವುದು ನ್ಯಾಯ. ಬ್ರಿಟನ್ನಿನಲ್ಲಿ 2017ರಿಂದ ಜಾರಿಯಲ್ಲಿರುವ ಮಾರ್ಗಸೂಚಿ, ಅಗೋನಿಸ್ಟ್ ಶುರುಮಾಡುವಾಗ ಹತೋಟಿ ತಪ್ಪುವ ಆಸೆಗಳ ಬಗ್ಗೆ, ಇಲ್ಲದ್ದು ಕಾಣುವ, ಭ್ರಮೆ ಮೂಡುವ ಸಾಧ್ಯತೆಯ ಬಗ್ಗೆ ರೋಗಿಗೂ ಮನೆಯವರಿಗೂ ಬಾಯಲ್ಲಿ ಹೇಳಿ, ಬರೆದೂ ಕೊಡಬೇಕು ಅನ್ನುತ್ತದೆ. ನಮ್ಮ ಹೊರರೋಗಿ ವಿಭಾಗಗಳ ಗದ್ದಲದಲ್ಲಿ ಒಬ್ಬ ರೋಗಿಗೆ ಸಿಗುವ ಕೆಲವೇ ನಿಮಿಷದಲ್ಲಿ ಅದು ಕಷ್ಟ, ನಿಜ. ಆದರೆ "ಈ ಮಾತ್ರೆಯಿಂದ ಕೆಲವರಿಗೆ ಮನೆಯವರ ಮೇಲೆ ವಿನಾಕಾರಣ ಸಂಶಯ ಬರುತ್ತದೆ, ಬಂದರೆ ತಿಳಿಸಿ" ಎಂಬ ಒಂದು ವಾಕ್ಯಕ್ಕೆ ಅರ್ಧ ನಿಮಿಷವೂ ಬೇಡ. ಗಂಡ ಹೆಂಡತಿ ಇಬ್ಬರೂ ಕೂತಿರುವಾಗಲೇ ಅದನ್ನು ಹೇಳಿದರೆ ಮುಂದೆ ಬಾಯಿ ಬಿಡಲು ಇಬ್ಬರಿಗೂ ಅವಕಾಶ. ಔಷಧದ ಡಬ್ಬಿಯೊಳಗಿನ ಕಾಗದದಲ್ಲಿ ಎಲ್ಲ ಇದೆಯಲ್ಲ ಎಂದು ಕಂಪನಿಗಳು ಅನ್ನಬಹುದು. ಊರಿನ ಮೆಡಿಕಲ್ ಅಂಗಡಿಯವನು ಪಟ್ಟಿಯಿಂದ ಹದಿನೈದು ದಿನಕ್ಕೆ ಬೇಕಾದಷ್ಟು ಮಾತ್ರೆ ಕತ್ತರಿಸಿ ಕೊಡುತ್ತಾನೆ. ಡಬ್ಬಿ ಕಪಾಟಿನಲ್ಲೇ ಉಳಿಯುತ್ತದೆ, ಸಣ್ಣಕ್ಷರದ ಇಂಗ್ಲಿಷ್ ಕಾಗದವೂ ಅದರೊಳಗೇ.